ಗೇಟಿನ ತಾಪಮಾನ ವಹಿ ಸುಳ್ಳು, ಬರೆದವನು ನಾನು

ಶಾಲೆಗಳ ಬಾಗಿಲು ತೆರೆಯಿರಿ ಎಂದು ಆದೇಶ ಕೊಟ್ಟ ಶಿಕ್ಷಣಾಧಿಕಾರಿಗಳೇ,

ಹೋದ ತಿಂಗಳು ತಮ್ಮ ಕಚೇರಿಯಿಂದ ಒಂದು ಹಿಂಬರಹ ಹೊರಟಿದೆ. ನಮ್ಮ ಶಾಲೆಯ ಗಣಿತ ಶಿಕ್ಷಕಿ ತೀರಿಕೊಂಡ ಬಗ್ಗೆ ಅವರ ಪತಿ ಕೊಟ್ಟಿದ್ದ ಅರ್ಜಿಗೆ ತಾವು ಕಳಿಸಿದ ಉತ್ತರ ಅದು. "ಸದರಿ ಶಾಲೆಯ ಪ್ರವೇಶದ್ವಾರದ ತಾಪಮಾನ ವಹಿಯನ್ನು ಪರಿಶೀಲಿಸಲಾಗಿ, ಭೌತಿಕ ತರಗತಿಗಳು ಪುನರಾರಂಭವಾದ ದಿನದಿಂದ ಜ್ವರದ ಒಂದೂ ಪ್ರಕರಣ ಕಂಡುಬಂದಿರುವುದಿಲ್ಲ. ಆದ್ದರಿಂದ ಮೃತ ಶಿಕ್ಷಕಿಗೆ ಸೋಂಕು ಶಾಲೆಯ ಹೊರಗೆ, ವೈಯಕ್ತಿಕ ಅಜಾಗರೂಕತೆಯಿಂದ ತಗುಲಿರುವುದೆಂದು ತೀರ್ಮಾನಿಸಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ." ವಿಲೇವಾರಿ ಎಂಬ ಪದವನ್ನು ನಾವು ಕಸಕ್ಕೂ ಬಳಸುತ್ತೇವೆ. ತಾವು ಪದಗಳನ್ನು ನೋಡಿ ಬಳಸುವವರು, ಇರಲಿ.

ಆ ವಹಿ ಸುಳ್ಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದರಲ್ಲಿರುವುದು ನನ್ನ ಕೈಬರಹ. ಇದನ್ನು ಗುಟ್ಟಾಗಿ ತಮಗೊಬ್ಬರಿಗೇ ತಿಳಿಸಬಹುದಿತ್ತು. ಆದರೆ ಹಿಂದೆ ಹಾಗೆ ತಿಳಿಸಿದ್ದ ಎರಡು ಪತ್ರಗಳು ತಮ್ಮ ಕಚೇರಿಯ ಯಾವ ಕಪಾಟಿನಲ್ಲಿವೆಯೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬೆಳಗಿನ ಪತ್ರಿಕೆಯನ್ನು ತಾವು ತಪ್ಪದೆ ಓದುತ್ತೀರೆಂದು ಕೇಳಿದ್ದೇನೆ.

ನಾನು ಇಪ್ಪತ್ತಾರು ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ 'ಸೀಟಿ ಸರ್'. ಶಾಲೆ ತೆರೆಯಲು ಅಪ್ಪಣೆ ಕೊಟ್ಟ ಸುತ್ತೋಲೆಯಲ್ಲೇ ಆಟಕ್ಕೆ ನಿಷೇಧವಿತ್ತು. ಸೀಟಿ ಊದುವುದೂ ನಿಷೇಧ, ಎಂಜಲು ಹಾರುತ್ತದಂತೆ. ಹೀಗೆ ಕೆಲಸವಿಲ್ಲದೆ ಉಳಿದ ನನ್ನನ್ನು ಗೇಟಿಗೆ ಹಾಕಿದರು. ಕೈಗೆ ಒಂದು ಜ್ವರ ನೋಡುವ ಗನ್ನು, ಕಂಕುಳಲ್ಲಿ ಒಂದು ವಹಿ.

ಮುಂದೆ ಓದುವ ಮೊದಲು ಒಂದು ಮಾತು. ಶಾಲೆ ತೆರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ತಿಂಗಳು ಮುಚ್ಚಿದ್ದ ಶಾಲೆಯ ಮೈದಾನವನ್ನು ತಾವು ನೋಡಿಲ್ಲ, ನಾನು ನೋಡಿದ್ದೇನೆ. ಬಾಗಿಲು ತೆರೆದ ದಿನ ನಾಲ್ಕನೇ ತರಗತಿಯ ಒಬ್ಬಳು ಗೇಟಿನಿಂದ ಬಾವುಟದ ಕಂಬದವರೆಗೆ ಓಡಿ ಅಲ್ಲೇ ಕುಸಿದು ಕುಳಿತಳು. "ಕಾಲು ಮರೆತುಹೋಗಿದೆ ಸರ್" ಎಂದಳು. ಹತ್ತು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿದವನು ಶಾಲೆ ಮುಚ್ಚಿ ಎಂದು ಹೇಗೆ ಬರೆದಾನು?

ಶಾಲೆ ತೆರೆಯಬೇಕೆಂದು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವರು ಇದೇ ಗಣಿತದ ಮೇಡಂ. ಫೋನಿನಲ್ಲಿ ಪಾಠ ನಡೆಯುತ್ತಿದ್ದ ಕಾಲದಲ್ಲಿ ಅವರ ತರಗತಿಯ ಒಂಬತ್ತು ಮಕ್ಕಳ ಮನೆಯಲ್ಲಿ ಫೋನಿರಲಿಲ್ಲ. ಮೇಡಂ ವಾರಕ್ಕೆರಡು ಸಲ ಆ ಮಕ್ಕಳಿದ್ದ ಬೀದಿಗೇ ಹೋಗುತ್ತಿದ್ದರು. ಸಣ್ಣದೊಂದು ಕಪ್ಪು ಹಲಗೆಯನ್ನು ಎದೆಗೆ ಒತ್ತಿಕೊಂಡು, ಕಟ್ಟಡದ ಕೆಳಗೆ ನಿಂತು, "ಮುಕ್ಕಾಲಿನಿಂದ ಅರ್ಧ ಕಳೆದ್ರೆ ಎಷ್ಟು?" ಎಂದು ಕೂಗುವರು. ಮೂರನೇ ಮಹಡಿಯ ಕಿಟಕಿಯಿಂದ "ಕಾಲೂ..." ಎಂದು ಉತ್ತರ ಬರುವುದು. ಒಮ್ಮೆ ಎದುರು ಮನೆಯ ಅಜ್ಜಿ ತಪ್ಪು ಉತ್ತರ ಕೂಗಿ ಬೈಸಿಕೊಂಡರಂತೆ. ಇದನ್ನು ನಮಗೆ ಹೇಳಿ ಮೇಡಂ ಎಷ್ಟೋ ದಿನ ನಕ್ಕಿದ್ದರು. ವೈಯಕ್ತಿಕ ಅಜಾಗರೂಕತೆಯಿಂದ ತೀರಿಕೊಂಡವರೆಂದು ತಾವು ಬರೆದದ್ದು ಇವರ ಬಗ್ಗೆ.

ಈಗ ಗನ್ನಿನ ವಿಷಯ. ಮೊದಲ ದಿನ ಮುನ್ನೂರ ಹನ್ನೊಂದು ಮಕ್ಕಳು, ಹದಿಮೂರು ಶಿಕ್ಷಕರು ಬಂದರು. ಎಲ್ಲರ ಹಣೆಗೂ ಗನ್ನು ತೋರಿಸಿದ್ದು ತೊಂಬತ್ತೇಳು. ನನಗೆ ಖುಷಿಯೇ ಆಯಿತು. ಅನುಮಾನ ಬಂದದ್ದು ಮೇಡಂಗೆ. ಮೂರನೇ ದಿನ ಅವರು ವಹಿಯ ಮೇಲೆ ಕಣ್ಣಾಡಿಸಿ, "ಸರ್, ಇಷ್ಟು ಜನರಲ್ಲಿ ಒಬ್ಬರಿಗೂ ಅರ್ಧ ಡಿಗ್ರಿ ಆ ಕಡೆ ಈ ಕಡೆ ಇಲ್ವಾ? ಎಲ್ಲಿ, ಗೋಡೆಗೆ ಹಿಡೀರಿ" ಎಂದರು. ಹಿಡಿದೆ. ತೊಂಬತ್ತೇಳು. ಕಬ್ಬಿಣದ ಗೇಟಿಗೆ ಹಿಡಿದೆ, ಮಡಿಚಿಟ್ಟ ಕೊಡೆಗೆ ಹಿಡಿದೆ. ಎಲ್ಲದಕ್ಕೂ ತೊಂಬತ್ತೇಳು. "ಸದ್ಯ, ಗೋಡೆ ಆರೋಗ್ಯವಾಗಿದೆ. ನಮ್ಮ ಕಥೆ ಗೊತ್ತಿಲ್ಲ" ಎಂದು ನಗುತ್ತಾ ಒಳಗೆ ಹೋದರು.

ಅಂದೇ ತಮಗೆ ಪತ್ರ ಬರೆದೆ. ವಾರ ಬಿಟ್ಟು ಇನ್ನೊಂದು ಬರೆದೆ. ಉತ್ತರ ಬಂತು, ಆದರೆ ಗನ್ನಿನ ಬಗ್ಗೆ ಅಲ್ಲ. ವಾರವಾರ ಕಳಿಸುತ್ತಿದ್ದ ವಹಿಯ ನಕಲು ನೋಡಿ ತಮ್ಮ ಕಚೇರಿಯ ಗುಮಾಸ್ತರು ಫೋನು ಮಾಡಿದ್ದರು. "ಸರ್, ನಿಮ್ಮ ವಹೀಲಿ ಎಲ್ಲರಿಗೂ ಒಂದೇ ನಂಬರ್ ಇದೆ. ಮೇಲಿನವರು ನೋಡಿದ್ರೆ ಸುಮ್ನೆ ಕೂತು ತುಂಬಿಸಿದ್ದಾರೆ ಅಂದ್ಕೋತಾರೆ. ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಬರೀರಿ."

"ಗನ್ನೇ ಕೆಟ್ಟಿದೆ ಸ್ವಾಮಿ. ಬೇರೆ ಕೊಡಿ."

"ಅದು ಸ್ಟೋರ್ಸ್‌ನವರ ವಿಷಯ. ನೀವು ನಿಮ್ಮ ವಹಿ ಸರಿ ಮಾಡ್ಕೊಳ್ಳಿ."

ಸರಿ ಮಾಡಿಕೊಂಡೆ. ಒಬ್ಬನಿಗೆ ತೊಂಬತ್ತೇಳು ಪಾಯಿಂಟ್ ಎರಡು, ಅವನ ಹಿಂದಿನವಳಿಗೆ ಪಾಯಿಂಟ್ ಆರು. ಎರಡೇ ದಿನಕ್ಕೆ ಕೈ ಪಳಗಿತು. ಆಮೇಲೆ ಗನ್ನನ್ನು ಹಣೆಯ ಮುಂದೆ ಹಿಡಿದು, ಅದರ ಅಂಕಿ ನೋಡದೆಯೇ ಬರೆಯುತ್ತಿದ್ದೆ. ಮುಂದಿನ ತಿಂಗಳು ತಪಾಸಣೆಗೆ ಬಂದ ತಾವು ಭೇಟಿ ಪುಸ್ತಕದಲ್ಲಿ "ವಹಿಯ ನಿರ್ವಹಣೆ ಮಾದರಿಯಾಗಿದೆ" ಎಂದು ಬರೆದು ಸಹಿ ಹಾಕಿದಿರಿ. ಕುಡಿಯಲು ಬಿಸಿನೀರು ಕೇಳಿದಿರಿ. ತರಗತಿಗಳ ಒಳಗೆ ಬರಲಿಲ್ಲ. ಬಂದಿದ್ದರೆ ಕಿಟಕಿಗಳು ಕಾಣುತ್ತಿದ್ದವು. ಶಾಲೆ ತೆರೆಯುವ ಮುನ್ನ ಬಣ್ಣ ಬಳಿಸಿ ಎಂದು ತಾವೇ ಹೇಳಿದ್ದಿರಿ. ಬಳಿದವರು ಕಿಟಕಿಯ ಚೌಕಟ್ಟು, ಬಾಗಿಲು ಎಲ್ಲವನ್ನೂ ಒಟ್ಟಿಗೆ ಬಳಿದು ಹೋಗಿದ್ದರು. ಒಣಗಿದ ಮೇಲೆ ಅವು ಕಚ್ಚಿಕೊಂಡು ಕುಳಿತವು. ಗಾಳಿಯಾಡುವ ಕೊಠಡಿಯಲ್ಲೇ ಪಾಠ ನಡೆಯತಕ್ಕದ್ದು ಎಂಬ ತಮ್ಮ ಸುತ್ತೋಲೆಯನ್ನು ಅದೇ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.

ತಾವು ಬಂದು ಹೋದ ವಾರ ಮೇಡಂ ಅವರ ಐದನೇ ತರಗತಿಯಲ್ಲಿ ಕೆಮ್ಮು ಕೇಳಿಸುತ್ತಿತ್ತು. ಮೂವರು ಮಕ್ಕಳು ಒಬ್ಬರ ಹಿಂದೆ ಒಬ್ಬರು ಬರುವುದನ್ನು ಬಿಟ್ಟರು. ಮೂವರೂ ಹಿಂದಿನ ದಿನದವರೆಗೆ ನನ್ನೆದುರೇ ಒಳಗೆ ಹೋದವರು. ಒಬ್ಬನ ಕಣ್ಣು ಕೆಂಡದಂತಿತ್ತು. ಅವನಿಗೆ ಬರೆದದ್ದು ತೊಂಬತ್ತೇಳು ಪಾಯಿಂಟ್ ಒಂದು.

ಮಂಗಳವಾರ ಬೆಳಿಗ್ಗೆ ಮೇಡಂ ನಿಧಾನವಾಗಿ ನಡೆದು ಬಂದರು. ಸಾಲು ರಸ್ತೆಯವರೆಗೆ ಬೆಳೆದಿತ್ತು.

"ಆ ಗನ್ ಬಿಡಿ ಸರ್. ಒಂದ್ಸಲ ಕೈ ಇಟ್ಟು ಹೇಳಿ. ಮೈ ಕೈ ಎಲ್ಲ ಒಡ್ದು ಹಾಕ್ದ ಹಾಗಿದೆ."

"ಮುಟ್ಟೋ ಹಾಗಿಲ್ಲ ಮೇಡಂ. ರಜಾ ಹಾಕ್ಬಾರದಿತ್ತಾ?"

"ಟೀಚರ್ ಇಲ್ಲ ಅಂದ್ರೆ ಆ ತರಗತೀನ ವಾಪಸ್ ಕಳಿಸಿ ಅಂತಾರಲ್ಲ. ಇಷ್ಟು ದಿನ ಮನೇಲಿ ಕೂತಿದ್ದು ಸಾಲದಾ ಮಕ್ಕಳು? ಜ್ವರ ಇದೆ ಅಂತ ನೀವು ಹೇಳಿ, ಹೋಗ್ತೀನಿ."

ನಾನು ಗನ್ನು ಎತ್ತಿ ಹಿಡಿದೆ. "ಏನಿಲ್ಲ ಮೇಡಂ, ಹೋಗಿ ಹೋಗಿ, ಸಾಲು ಬೆಳೀತಿದೆ" ಎಂದೆ. ತೊಂಬತ್ತೇಳು ಪಾಯಿಂಟ್ ನಾಲ್ಕು ಎಂದು ಬರೆದೆ. ಅವರು ಒಳಗೆ ಹೋಗಿ ನಾಲ್ಕು ತಾಸು ಪಾಠ ಮಾಡಿದರು. ಮಧ್ಯಾಹ್ನ ಹಲಗೆಯನ್ನು ಹಿಡಿದುಕೊಂಡು ನೆಲಕ್ಕೆ ಕುಳಿತರಂತೆ. ಮಕ್ಕಳು ಬಂದು ನನ್ನನ್ನು ಕರೆದರು. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಹಿ ಸುಳ್ಳೆಂಬುದಕ್ಕೆ ಒಂದು ಸಾಕ್ಷಿ. ಆ ವಹಿ ತಮ್ಮ ಬಳಿಯೇ ಇದೆ, ತೆಗೆದು ನೋಡಿ. ಬುಧವಾರ ಮೇಡಂ ಹೆಸರಿನ ಮುಂದೆ ತೊಂಬತ್ತೇಳು ಪಾಯಿಂಟ್ ಎರಡು, ಗುರುವಾರ ಪಾಯಿಂಟ್ ಐದು ಎಂದಿದೆ. ಆ ಎರಡೂ ದಿನ ಅವರು ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿದ್ದರು. ಕೈ ತನ್ನ ಪಾಡಿಗೆ ತುಂಬಿಸಿಕೊಂಡು ಹೋಗಿದೆ. ಹಾಜರಿ ಪುಸ್ತಕದಲ್ಲಿ ರಜೆ, ತಾಪಮಾನ ವಹಿಯಲ್ಲಿ ಆರೋಗ್ಯ. ತಾವು "ಪರಿಶೀಲಿಸಲಾಗಿ" ಎಂದು ಬರೆದಿದ್ದೀರಿ. ಯಾವ ಪುಟವನ್ನು ಪರಿಶೀಲಿಸಿದಿರಿ ಸ್ವಾಮಿ?

ಅವರ ಪತಿ ಟೈಲರ್. ಹೋದ ವಾರ ತಮ್ಮ ಹಿಂಬರಹವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಗೇಟಿಗೆ ಬಂದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೆಗೆದಿಡುವುದನ್ನು ಮರೆತಿದ್ದರೇನೋ.

"ಸರ್, ಈ ವಹಿ ಅಂತಿದ್ದಾರಲ್ಲ, ಯಾರು ಬರೆಯೋದು?"

"ನಾನೇ."

"ಹಾಗಾದ್ರೆ ಹೇಳಿ ಸರ್. ಅವತ್ತು ಅವಳಿಗೆ ಎಷ್ಟಿತ್ತು?"

"ಗೊತ್ತಿಲ್ಲ."

"ಬರೆದಿದ್ದೀರಲ್ಲ?"

"ಬರೆದಿದ್ದೀನಿ. ಆದ್ರೆ ಗೊತ್ತಿಲ್ಲ."

ಅವರು ನನ್ನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿದಿದ್ದರೆ ಚೆನ್ನಾಗಿತ್ತು. ಅವರು, "ಅವತ್ತು ಬೆಳಿಗ್ಗೆ ಹೋಗ್ಬೇಡ ಅಂದೆ. ಜ್ವರ ಇದ್ರೆ ಗೇಟಲ್ಲಿ ಸೀಟಿ ಸರ್ ವಾಪಸ್ ಕಳಿಸ್ತಾರೆ ಬಿಡಿ ಅಂದ್ಲು" ಎಂದರು. ಆಮೇಲೆ ಕಾಗದವನ್ನು ಮತ್ತೆ ಕವರಿಗೆ ಸೇರಿಸುತ್ತಾ, "ಗೊತ್ತಿಲ್ಲ ಅಂತಾನೇ ಬರೆದು ಕೊಡಿ ಸರ್. ಅಜಾಗರೂಕತೆ ಅನ್ನೋ ಮಾತೊಂದು ತೆಗೆಸಿ. ತರಕಾರಿನೂ ಸೋಪು ಹಾಕಿ ತೊಳೀತಿದ್ಲು ಅವಳು" ಎಂದರು.

ನನಗೆ ಅವತ್ತೂ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನನ್ನ ಹೆಂಡತಿ "ಒಂದ್ಸಲ ಅತ್ತುಬಿಡಿ" ಎನ್ನುತ್ತಾಳೆ. ಅದು ಬರಬೇಕಲ್ಲ. ನಮ್ಮ ಮುಖ್ಯೋಪಾಧ್ಯಾಯರು, ನಿಮ್ಮ ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿದೆ, ಯಾಕೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಒಳ್ಳೆಯ ಮನುಷ್ಯರು. ನಾನು ಇದನ್ನು ಪತ್ರಿಕೆಗೆ ಕೊಡುತ್ತಿರುವುದು ಅವರಿಗೆ ಗೊತ್ತಿಲ್ಲ. ದಯವಿಟ್ಟು ಅವರಿಗೆ ನೋಟಿಸು ಕೊಡಬೇಡಿ.

ನನ್ನ ಬೇಡಿಕೆ ಇಷ್ಟು. ಆ ಹಿಂಬರಹವನ್ನು ಹಿಂದಕ್ಕೆ ಪಡೆಯಿರಿ. ನಮ್ಮ ಶಾಲೆಯ ವಹಿ ನಂಬಲರ್ಹವಲ್ಲ, ಮೇಡಂ ಪಾಠ ಮಾಡುತ್ತಿದ್ದ ಮುಚ್ಚಿದ ಕೊಠಡಿಯಲ್ಲಿ ಕಾಯಿಲೆ ಇತ್ತು ಎಂದು ತಮ್ಮ ಸಹಿಯೊಂದಿಗೆ ಬರೆದು ಅವರ ಪತಿಗೆ ಕೊಡಿ. ನನ್ನ ಮೇಲೆ ಏನು ಕ್ರಮ ಇದೆಯೋ ಅದನ್ನು ಜರುಗಿಸಿ. ಕಿಟಕಿ ಬಿಡಿಸಲು ಒಬ್ಬ ಬಡಗಿಯನ್ನು ಕಳಿಸಿ. ಮತ್ತು ಈ ಪತ್ರವನ್ನೇ ನೆಪ ಮಾಡಿಕೊಂಡು ಶಾಲೆ ಮುಚ್ಚಬೇಡಿ. ಮುಚ್ಚುವುದು ತಮಗೆ ಸುಲಭ, ತೆರೆಯುವುದೂ ಸುಲಭ, ಎರಡಕ್ಕೂ ಒಂದೊಂದು ಸಹಿ ಸಾಕು. ತೆರೆದ ಮೇಲೆ ಒಳಗೆ ಬಂದು ನೋಡುವುದು ಮಾತ್ರ ಕಷ್ಟದ ಕೆಲಸ. ಆ ಕೆಲಸ ಮಾಡಿ ಎಂದು ಕೇಳುತ್ತಿದ್ದೇನೆ.

ಬಂದಾಗ ಐದನೇ ತರಗತಿಗೂ ಬನ್ನಿ. ಮೇಡಂ ಜಾಗಕ್ಕೆ ತಾವು ಇನ್ನೂ ಯಾರನ್ನೂ ಕಳಿಸಿಲ್ಲವಾದ್ದರಿಂದ ಅಲ್ಲಿ ಗಣಿತವನ್ನು ನಾನೇ ಹೇಳಿಕೊಡುತ್ತಿದ್ದೇನೆ. ನನಗೆ ಗಣಿತ ಬರುವುದಿಲ್ಲ. ಅದು ಮಕ್ಕಳಿಗೆ ಮೊದಲ ದಿನವೇ ಗೊತ್ತಾಗಿದೆ. ಹಲಗೆಯ ಮೇಲೆ ನಾನು ತಪ್ಪು ಮಾಡಿದಾಗ ಅವರು ಏನೂ ಹೇಳದೆ, ತಮ್ಮ ಪುಸ್ತಕದಲ್ಲಿ ಸರಿಯಾದದ್ದನ್ನು ಬರೆದುಕೊಳ್ಳುತ್ತಾರೆ.

ಇಂತಿ,
ತಮ್ಮ ಭೇಟಿ ಪುಸ್ತಕದ ಪ್ರಕಾರ ಇಂದಿಗೂ ಮಾದರಿಯಾಗಿಯೇ ಉಳಿದಿರುವ
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ