ರಕ್ತದಲ್ಲಿದೆ, ತಲೆಗೆ ಹೋಗಿಲ್ಲ

12-1-2004, ಸೋಮವಾರ
ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಬಂದವನೇ ಮಗಳು ಧನುಶ್ರೀಯ ಮಾತ್ರೆ ಡಬ್ಬಿ ನೋಡಿದೆ. ಎಣಿಕೆ ಸರಿ. ಆದರೂ ಇವತ್ತು ಕಾಲೇಜಿನ ಮೆಟ್ಟಿಲ ಮೇಲೆ ಫಿಟ್ಸ್. ತಿಂಗಳಲ್ಲಿ ಐದನೆಯದು. ಮೂರು ಥರದ ಮಾತ್ರೆ, ಎರಡು ವರ್ಷದಿಂದ...
"ನುಂಗ್ತಾಳೆ ಕಣ್ರೀ, ನಾನೇ ನೋಡಿದೀನಿ" ಎನ್ನುತ್ತಾಳೆ ಹೆಂಡತಿ ಭಾಗ್ಯ. ನನಗೆ ನಂಬಿಕೆಯಿಲ್ಲ. ತಿಂದರೆ ತೂಕಡಿಕೆ ಅಂತ ಧನುಶ್ರೀ ಗೊಣಗುತ್ತಿರುತ್ತಾಳೆ. ಬಚ್ಚಲಿಗೆ ಉಗಿಯುತ್ತಾಳೇನೋ.

15-1, ಬೆಳಿಗ್ಗೆ 7
ನನ್ನೆದುರೇ ನುಂಗಿಸಿದೆ. ಬಾಯಿ ತೆಗೆಸಿ, ನಾಲಗೆ ಎತ್ತಿಸಿ, ಟಾರ್ಚ್ ಬಿಟ್ಟು ನೋಡಿದೆ. ಹದಿನೆಂಟು ತುಂಬಿದವಳು. ಬ್ಯಾಗ್ ಎತ್ತಿಕೊಂಡು ಹೊರಟಳು.

1-2, ಭಾನುವಾರ
ಬೇಲೂರಿಗೆ ಹೊರಟಿದ್ದೆವು. ಹಳೇಬೀಡಿನ ಹತ್ತಿರ ಬಸ್ಸಿನಲ್ಲೇ ಶುರುವಾಯಿತು. "ಗಾಬರಿ ಬ್ಯಾಡಿ ಸಾ, ಬಸ್ ನಿಲ್ಸಿವ್ನಿ" ಅಂದ ಕಂಡಕ್ಟರ್. ಎಚ್ಚರವಾದ ಮಗಳಿಗೆ ನೀರು ಕೊಡಬೇಕಿತ್ತು. ನಾನು ಕೇಳಿದ್ದು — "ಮಾತ್ರೆ ಉಗುಳಿದ್ಯಾ?" ಇಲ್ಲ ಅಂದಳು. ಕೆನ್ನೆಗೆ ಹೊಡೆದೆ. ಎಲ್ಲರೆದುರು.

26-2, ಗುರುವಾರ, ಬೆಂಗಳೂರು
ಆಸ್ಪತ್ರೆ. ಡಾಕ್ಟರ್ ಚೆಲುವಾಂಬ ರಕ್ತದ ರಿಪೋರ್ಟ್ ತಿರುಗಿಸಿ ತೋರಿಸಿದರು. "ಔಷಧಿ ಮಟ್ಟ ಸರಿಯಾಗಿದೆ. ತಪ್ಪದೆ ತಗೊಳ್ತಿದಾಳೆ."
"ಮತ್ತೆ ಫಿಟ್ಸ್ ಯಾಕೆ?"
"ರಕ್ತದಲ್ಲಿದೆ. ಮೆದುಳಿನೊಳಗೆ ಬೇಕಾದಷ್ಟು ಹೋಗಿಲ್ಲ ಅಂತ ಕಾಣುತ್ತೆ. ಅಲ್ಲಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಗೋಡೆಯಲ್ಲಿ ಪಂಪ್ ಥರದ ಪ್ರೋಟೀನ್‌ಗಳಿವೆ. ವಿಷ ಒಳಗೆ ಬಂದರೆ ವಾಪಸ್ ತಳ್ಳೋದು ಅವುಗಳ ಕೆಲಸ. ಕೆಲವರಲ್ಲಿ ಫಿಟ್ಸ್ ಹುಟ್ಟೋ ಜಾಗದಲ್ಲೇ ಅವು ಜಾಸ್ತಿ. ಔಷಧಿಯನ್ನೂ ತಳ್ಳಿಬಿಡ್ತವೆ ಅನ್ನೋದು ಅನುಮಾನ. ಪೂರ್ತಿ ಸಾಬೀತಾಗಿಲ್ಲ."
"ಆ ಪಂಪ್ ನಿಲ್ಲಿಸೋಕೆ ಮಾತ್ರೆ?"
"ಇನ್ನೂ ಇಲ್ಲ."
ಧನುಶ್ರೀ ನನ್ನ ಕಡೆ ನೋಡಲಿಲ್ಲ.

28-2
ಕೌಂಟರಿನಲ್ಲಿ ಕಡೂರು ಕೇಳಿದವನಿಗೆ ತಿಪಟೂರು ಟಿಕೆಟ್ ಕೊಟ್ಟೆ. ಸಂಜೆ ಅವಳ ಎದುರು ಕೂತೆ. ತಪ್ಪಾಯಿತು ಅಂದೆ.
"ಹೊಡೆದಿದ್ದು ಬಿಡಪ್ಪ. ದಿನಾ ಬೆಳಿಗ್ಗೆ ಕಳ್ಳಿ ಥರ ನೋಡ್ತಿದ್ಯಲ್ಲ..."
ಟಾರ್ಚ್ ತಂದು ಅವಳ ಕೈಗೆ ಕೊಟ್ಟೆ.

17-3
ಸ್ಕ್ಯಾನಿನಲ್ಲಿ ಮೆದುಳಿನ ಬಲಗಡೆ ಒಂದು ಕಲೆ. ಆಪರೇಷನ್ ಮಾಡಿ ಆ ಭಾಗ ತೆಗೆದರೆ ಫಿಟ್ಸ್ ನಿಲ್ಲಬಹುದು ಅಂದರು ಡಾಕ್ಟರ್. ಖಾತ್ರಿಯಿಲ್ಲ. ನೆನಪಿಗೆ ಪೆಟ್ಟಾಗಲೂಬಹುದು. ಬೇಡ ಅಂದೆ. ಭಾಗ್ಯಳೂ ಬೇಡ ಅಂತ ಅತ್ತಳು.
"ತಲೆ ನಂದು ತಾನೆ? ನನ್ನ ಕೇಳಿ" ಅಂದಳು ಧನುಶ್ರೀ.

17-5, ಬೆಳಿಗ್ಗೆ 8
ಆಪರೇಷನ್ ಫಾರಂಗೆ ಅವಳೇ ಸಹಿ ಹಾಕಿದಳು. ಒಳಗೆ ಕರೆದುಕೊಂಡು ಹೋದರು. ಕೂರಲಾಗುತ್ತಿಲ್ಲ.

ಮಧ್ಯಾಹ್ನ 3
ಕಣ್ಣು ಬಿಟ್ಟಳು. "ಅಪ್ಪ" ಅಂದಳು. ಗುರುತಿದೆ.

12-7, ಸೋಮವಾರ
ಐವತ್ತಾರು ದಿನ. ಒಂದೂ ಬಂದಿಲ್ಲ. ಬರೆಯಲೂ ಭಯ. ಮಾತ್ರೆ ಇನ್ನೂ ನಿಲ್ಲಿಸುವಂತಿಲ್ಲ. ಇವತ್ತು ಡಿಗ್ರಿಗೆ ಸೇರಲು ಹಾಸನಕ್ಕೆ ಹೊರಟಳು, ಒಬ್ಬಳೇ. ನಾನೂ ಚಪ್ಪಲಿ ಮೆಟ್ಟಿದೆ. "ನೀನ್ ಬರಬೇಡಪ್ಪ" ಅಂದಳು. ಬಿಟ್ಟೆ.
ಹನ್ನೊಂದಾಯಿತು. ಹನ್ನೆರಡು. ಯಾಕೆ ಬಿಟ್ಟೆ...
ಫೋನು. ಭಾಗ್ಯ ಎತ್ತಿದಳು. ನಗುತ್ತಿದ್ದಾಳೆ. "ಬನ್ರೀ, ಸೀಟ್ ಸಿಕ್ತಂತೆ, ನಿಮ್ಮ ಹತ್ರ ಮಾತಾಡ್ಬೇಕಂತೆ, ಅವಳೇ ಲೈನಲ್ಲಿದಾಳೆ!"