ಹೆರಿಗೆ ವಾರ್ಡಿನ ಔಷಧ, ಅಮ್ಮನ ಮೊಣಕಾಲು

ಆಸ್ಪತ್ರೆಯ ಔಷಧಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ಒಂದು ಚುಚ್ಚುಮದ್ದನ್ನು ತಾವು ಒಂದೇ ವಾರ್ಡಿನ ಕಪಾಟಿನಲ್ಲಿಟ್ಟು ಬೀಗ ಜಡಿದದ್ದರಿಂದ ನನ್ನ ಅಮ್ಮ ಹದಿನಾಲ್ಕು ತಿಂಗಳಿಂದ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಸೆರೆಯಾಗಿದ್ದಾಳೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳು. ಈಗ ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕು. ನಾನು ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ತಮ್ಮ ನಿಯಮದಂತೆ, ಮೊಣಕಾಲು ಬದಲಿಸಬೇಕಾದರೆ ಮನೆಯವರು ಮೊದಲು ರಕ್ತ ಕೊಟ್ಟು ಚೀಟಿ ತರಬೇಕು. ಚೀಟಿ ತಂದರಷ್ಟೇ ಸರದಿ. ಚೀಟಿಯ ಆಯುಸ್ಸು ಮೂವತ್ತೈದು ದಿನ, ಸರದಿ ಬರುವುದು ಎರಡು ತಿಂಗಳಿಗೆ! ಅಷ್ಟರಲ್ಲಿ ಚೀಟಿ ಸತ್ತಿರುತ್ತದೆ. ಮತ್ತೆ ರಕ್ತ ಕೊಡಲು ನನಗೆ ಮೂರು ತಿಂಗಳು ತುಂಬಿರಬೇಕು. ಮನೆಯಲ್ಲಿ ಕೊಡಬಲ್ಲವನು ನಾನೊಬ್ಬನೇ. ಮೂರು ಸಲ ಕೊಟ್ಟೆ, ಮೂರು ಸಲವೂ ಸಾಲಿನ ಕೊನೆಗೇ ಬಂದು ನಿಂತೆ. ಈ ನಿಯಮ ಬರೆದ ಪುಣ್ಯಾತ್ಮರ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೇ?

ಮೂಳೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಟ್ರಾನೆಕ್ಸಾಮಿಕ್ ಆಸಿಡ್ ಅಂತ ಇದೆ. ಕೊಯ್ಯೋಕೆ ಮುಂಚೆ ಕೊಟ್ರೆ ರಕ್ತ ಹೋಗೋದು ತುಂಬಾ ಕಮ್ಮಿ ಆಗತ್ತೆ. ನಿಮ್ಮಮ್ಮನ ಪರೀಕ್ಷೆ ಎಲ್ಲ ನೋಡಿದೀನಿ, ಅವರಿಗೆ ಕೊಡಬಹುದು. ಆಗ ಚೀಟಿ ಬೇಡ ಅಂತ ನಾನೇ ಬರ್ಕೊಡ್ತೀನಿ.”

“ಮತ್ತೆ ಕೊಡಿ ಮೇಡಂ!”

“ಎಲ್ಲಿಂದ ಕೊಡ್ಲಿ? ಹೆರಿಗೆ ಆದಾಗ ರಕ್ತ ನಿಲ್ಸೋಕೆ ಅಂತ ಅದಿರೋದು ಹೆರಿಗೆ ವಾರ್ಡಿನ ಪಟ್ಟೀಲಿ ಮಾತ್ರ. ನಾನು ಬರೆದ್ರೆ ಸ್ಟೋರ್‌ನವರು ವಾಪಸ್ ಕಳಿಸ್ತಾರೆ. ಹೊರಗಿಂದ ತರಿಸೋ ಹಾಗೂ ಇಲ್ಲ, ಅದಕ್ಕೊಂದು ಸುತ್ತೋಲೆ.”

ಮನೆಗೆ ಬಂದು ಹೇಳಿದರೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಪ್ಪತ್ತೊಂದಕ್ಕೆ ಬಸುರಿಯಾಗಿ ಬಾ ಅಂತಾರೇನೋ? ನಿಮ್ಮಪ್ಪ ಇದ್ದಿದ್ರೆ ಒಂದು ಮಾತು ಕೇಳಬಹುದಿತ್ತು!”

ನಾನೂ ನಕ್ಕೆ. ಹೋದ ವಾರ ಕೆಲಸದಿಂದ ಬಂದಾಗ ಬಾಗಿಲ ಬಳಿ ಅವಳ ಚಪ್ಪಲಿ ಇರಲಿಲ್ಲ. ಇಳಿದು ಹೋದಳೇನೋ ಎಂದು ಒಂದು ಕ್ಷಣ ಜೀವ ಕುಣಿಯಿತು. ಅಮ್ಮ ಒಳಗೇ ಕೂತಿದ್ದಳು. “ಕೆಳಗಿನ ಮನೆಯವಳಿಗೆ ಕೊಟ್ಬಿಟ್ಟೆ ಕಣೋ. ನಂಗಿನ್ಯಾಕೆ?” ಎಂದಳು. ನನಗೆ ಅಳು ತಡೆಯಲಾಗಲಿಲ್ಲ, ಮಾನ್ಯರೇ.

ಪಟ್ಟಿಯಲ್ಲಿ ‘ಹೆರಿಗೆ ವಾರ್ಡ್’ ಎಂಬುದರ ಪಕ್ಕದಲ್ಲಿ ‘ಮೂಳೆ ವಿಭಾಗ’ ಎಂದು ಸೇರಿಸಿ ಸಹಿ ಹಾಕಿ. ಹೆರುವ ತಾಯಂದಿರ ಪಾಲು ಕಿತ್ತುಕೊಡಿ ಎನ್ನುತ್ತಿಲ್ಲ, ಹೆಚ್ಚಿಗೆ ತರಿಸಿ. ಇದಕ್ಕೊಂದು ಸಮಿತಿ ಮಾತ್ರ ಮಾಡಬೇಡಿ, ಕೈಮುಗಿಯುತ್ತೇನೆ. ನಾಳಿದ್ದು ನಾನು ನಾಲ್ಕನೇ ಸಲ ರಕ್ತ ಕೊಡುವ ದಿನ. ಅಮ್ಮ ಬೇಡವೆನ್ನುತ್ತಾಳೆ. ಕೊಟ್ಟರೂ ಆ ಚೀಟಿ ಸಾಯುತ್ತದೆಂದು ಗೊತ್ತಿದ್ದೇ ಬಂದು ತೋಳು ಚಾಚುತ್ತೇನೆ, ಬೇರೆ ದಾರಿ ತಾವು ಬಿಟ್ಟಿಲ್ಲ.

ಇಂತಿ,
ತಮ್ಮ ರಕ್ತನಿಧಿಯ ಖಾಯಂ ಗಿರಾಕಿ,
ಒಂದು ಹನಿಯೂ ಅಮ್ಮನಿಗೆ ಮುಟ್ಟಿಸಲಾಗದ ಮಗ