ಹರಿತಾ ಕೇಳಿದರೆ ನಂಬರ್ ಹೇಳಿಬಿಡಿ

ಮಾವ,

ನಾನೂ ಹರಿತಾಳೂ ಮೊದಲ ಬಸ್ಸಿಗೆ ಹಿಂದೂಪುರಕ್ಕೆ ಹೊರಟೆವು. ಕಾಲೇಜಿನಲ್ಲೇ ಕೂತು ಅರ್ಜಿ ತುಂಬಿಸುತ್ತೇವೆ. ಮುದ್ದೆ, ಹುರುಳಿಸಾರು ಒಲೆ ಪಕ್ಕದಲ್ಲಿದೆ.

ಫೋನು ಜೇಬಿನಲ್ಲೇ ಇರಲಿ, ಚಾರ್ಜಿಗೆ ಹಾಕಿ ಹೋಟಲಿಗೆ ಹೋಗಿಬಿಡಬೇಡಿ. ಅರ್ಜಿಗೆ ಕೊಟ್ಟಿರುವುದು ನಿಮ್ಮ ನಂಬರು, ಓಟಿಪಿ ಅದಕ್ಕೇ ಬರುತ್ತದೆ. ನಿನ್ನೆ ಕಲ್ಯಾಣದುರ್ಗದ ನೆಟ್ ಸೆಂಟರಿನಿಂದ ಅವಳು ಅಷ್ಟು ಬೇಡಿಕೊಂಡರೂ, "ದೇವ್ರೇ ಬಂದು ಕೇಳಿದ್ರೂ ಹೇಳ್ಬೇಡಿ ಅಂದಿದ್ದು ನಿಮ್ಮಮ್ಮನೇ ಕಣಮ್ಮ" ಅಂತ ಫೋನಿಟ್ಟುಬಿಟ್ಟಿರಿ. ಹೌದು, ಹೇಳಿದ್ದು ನಾನೇ. ಅದು ಕಳ್ಳರಿಗೆ ಮಾವ, ಮೊಮ್ಮಗಳಿಗಲ್ಲ!

ಇವತ್ತೇ ಕಡೇ ದಿನ. ಖಗೋಳ ಕಲಿಸುವ ಒಳ್ಳೆಯ ಮೇಷ್ಟ್ರೂ ಇದ್ದು, ಫೀಜೂ ನಮ್ಮ ಕೈಗೆಟುಕುವ ಕಾಲೇಜು ಎಷ್ಟು ಹುಡುಕಿದರೂ ಇದೊಂದೇ ಸಿಕ್ಕಿದ್ದು. ಇದೂ ತಪ್ಪಿದರೆ ಹುಡುಗಿ ಏನಾಗುತ್ತಾಳೋ, ನಿನ್ನೆಯಿಂದ ಅನ್ನ ಮುಟ್ಟಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ.

ಫೋನಿನಲ್ಲಿ ಯಾರೋ ಏನೋ ಅಂತ ಅನುಮಾನ ಬಂದರೆ, ಅವಳು ಚಿಕ್ಕವಳಿದ್ದಾಗ ಮಾಳಿಗೆ ಮೇಲೆ ನೀವು ತೋರಿಸಿದ ಮೊದಲ ನಕ್ಷತ್ರ ಯಾವುದೆಂದು ಕೇಳಿ. "ಬೆಳ್ಳಿಚುಕ್ಕಿ ತಾತ, ಆದ್ರೆ ಅದು ನಕ್ಷತ್ರ ಅಲ್ಲ, ಗ್ರಹ" ಅಂತ ವಾದಕ್ಕಿಳಿದರೆ ಅವಳು ನಮ್ಮ ಹರಿತಾನೇ. ಹೇಳಿಬಿಡಿ.

ಶೋಭಾ